ಜೋಳದ ಮರೆಯ ಸೆಲರಿ

ನನ್ನ ತಮ್ಮನ ಹೆಂಡತಿ ಲವೀನಾ ಆ ವರ್ಷ ಸೆಲರಿಯನ್ನು ಮೆಕ್ಕೆಜೋಳದ ಹಿಂದೆ ನೆಟ್ಟಳು. ಅಡುಗೆಮನೆಯ ಕಿಟಕಿ ಕೆಳಗೆ ಒಳ್ಳೆಯ ಮಣ್ಣು ಬಿದ್ದಿದ್ದರೂ ಅದನ್ನು ಬಿಟ್ಟು ಹೊಲದಾಚೆ ಹೋಗಿ ನೆಟ್ಟಳು. ಅಲ್ಲಿ ನೆಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಅವಳ ಲೆಕ್ಕ. ಅಮೆರಿಕದ ಲ್ಯಾಂಕಾಸ್ಟರಿನ ನಮ್ಮ ಆಮಿಶ್ ಪಂಥದ ಹೆಂಗಸರಿಗೆ ಇಂಥ ವಿಷಯದಲ್ಲಿ ಮೈಯೆಲ್ಲ ಕಣ್ಣು. ತಾನೂ ಅವರಲ್ಲೊಬ್ಬಳಾಗಿ ಅದನ್ನು ಹೇಗೆ ಮರೆತಳೋ ಕಾಣೆ.

ಮನೆಯ ಮಟ್ಟಿಗಾದರೆ ಒಂದು ಸಾಲು ಸಾಕು. ಸಾಲುಗಟ್ಟಲೆ ಸೆಲರಿ ಎದ್ದಿತೆಂದರೆ ಆ ಮನೆಯಲ್ಲಿ ನವೆಂಬರಿಗೆ ಮದುವೆ ಎಂದೇ ಅರ್ಥ. ಮದುವೆ ಊಟಕ್ಕೆ ಕೋಳಿಯ ಜೊತೆ ಕೆನೆ ಹಾಕಿ ಬೇಯಿಸಿದ ಸೆಲರಿ ಬೇಕು, ಮೇಜಿನುದ್ದಕ್ಕೂ ಗಾಜಿನ ಜಾಡಿಗಳಲ್ಲಿ ಹೂವಿನ ಬದಲು ಅದರದೇ ದಂಟು ನಿಲ್ಲಿಸಬೇಕು, ಮುನ್ನೂರು ನಾನೂರು ಜನ ಎರಡು ಹೊತ್ತು ಉಣ್ಣಬೇಕು. ಅಕ್ಟೋಬರಿನಲ್ಲಿ ಸಭೆಯ ಹಿರಿಯರು ಎಲ್ಲರೆದುರು ಹೆಸರು ಹೇಳುವವರೆಗೆ ಹೆತ್ತವರು ಮದುವೆಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಅದಕ್ಕೇ ಆಳೆತ್ತರದ ಜೋಳದ ಮರೆ.

ಇದರಲ್ಲಿ ತೊಡಕು ಒಂದೇ. ಮದುವೆಯಾಗಬೇಕಾದ ಸಲೋಮಿ ಇನ್ನೂ ಹೂಂ ಅಂದಿರಲಿಲ್ಲ.

ಸಲೋಮಿ ನನ್ನ ತಮ್ಮ ಎನೋಸ್ ಪೀಟರ್‌ಶೈಮನ ಹಿರಿಮಗಳು. ಗಂಡ ತೀರಿಕೊಂಡ ಮೇಲೆ ನಾನು ಬಟ್ಟೆಯಂಗಡಿ ಇಟ್ಟೆ. ಹುಡುಗಿ ಶಾಲೆ ಮುಗಿಸಿದವಳೇ ನನ್ನ ಕೈಕೆಳಗೆ ಬಂದು ಸೇರಿದಳು. ಬಟ್ಟೆ ಕತ್ತರಿಸುವುದು, ಕೌದಿ ಹೊಲಿಸುವುದು, ಶುಕ್ರವಾರ ಬಾಡಿಗೆ ವ್ಯಾನು ಹತ್ತಿ ಫಿಲಡೆಲ್ಫಿಯಾದ ಸಂತೆಗೆ ಹೋಗಿ ಇಂಗ್ಲಿಷರಿಗೆ ಮಾರುವುದು, ಎಲ್ಲ ಅವಳದೇ. ನಮ್ಮವರಲ್ಲದವರು ಯಾವ ಸೀಮೆಯವರಾದರೂ ನಮ್ಮ ಬಾಯಲ್ಲಿ ಇಂಗ್ಲಿಷರೇ. ಹುಡುಗಿ ಉದ್ದಕ್ಕೆ ಬೆಳೆದಿದ್ದಳು, ಅಗಲ ಭುಜ, ರಸ್ತೆಯವರೆಗೆ ಕೇಳುವ ನಗು. ಹೇಸರಗತ್ತೆ ಕಟ್ಟಿದ ಹುಲ್ಲಿನ ಬಂಡಿಯನ್ನು ಹಿಮ್ಮೊಗವಾಗಿ ಕೊಟ್ಟಿಗೆಯೊಳಕ್ಕೆ ನುಗ್ಗಿಸುವುದರಲ್ಲಿ ಅವಳ ತಮ್ಮಂದಿರು ಯಾರೂ ಅವಳಿಗೆ ಸಾಟಿಯಲ್ಲ. 'ಸ್ವಲ್ಪ ಮೆತ್ತಗೆ ನಗೇ, ಗಿರಾಕಿ ಓಡಿಹೋಗ್ತಾರೆ' ಎಂದು ನಾನು ದಿನವೂ ಗದರುತ್ತಿದ್ದೆ. ಒಂದು ದಿನ ಅವಳು ನಗದಿದ್ದರೆ ಅಂಗಡಿ ನನಗೇ ಬಣಗುಡುತ್ತಿತ್ತು.

ಭಾನುವಾರ ಸಂಜೆ ಪ್ರಾಯದವರ ಹಾಡಿನ ಕೂಟ ನಡೆಯುತ್ತದೆ. ಉದ್ದ ಮೇಜಿನ ಒಂದು ಮಗ್ಗುಲಿಗೆ ಹುಡುಗರು, ಇನ್ನೊಂದು ಮಗ್ಗುಲಿಗೆ ಹುಡುಗಿಯರು. ಹಾಡು ಮುಗಿದ ಮೇಲೆ ಹುಡುಗ ತನಗೆ ಹಿಡಿಸಿದವಳನ್ನು ತನ್ನ ಕುದುರೆಗಾಡಿಯಲ್ಲಿ ಮನೆಗೆ ಬಿಡುತ್ತಾನೆ. ಸಲೋಮಿಯನ್ನೂ ಹಲವರು ಬಿಟ್ಟರು, ಬಿಟ್ಟವರು ಮರುವಾರ ಬೇರೆಯವಳನ್ನು ನೋಡಿಕೊಂಡರು. "ದಾರಿಯುದ್ದಕ್ಕೂ ನನ್ನ ಕುದುರೆ ಲಾಳದ ಬಗ್ಗೆನೇ ಕೇಳಿದ್ಲು, ನನ್ನ ಬಗ್ಗೆ ಒಂದ್ಮಾತಿಲ್ಲ" ಎಂದು ಒಬ್ಬ ನನ್ನ ಅಂಗಡಿಯಲ್ಲೇ ನಿಂತು ಗೊಣಗಿದ್ದ. ಅವಳ ಜೀವವೆಲ್ಲ ಪಕ್ಕದಲ್ಲಿ ಕೂತು ಹಾಡುತ್ತಿದ್ದ ಡಾರ್ಕಸಳ ಮೇಲಿತ್ತು. ಐದಾರು ವರ್ಷ ಇಬ್ಬರೂ ಒಂದೇ ಹಾಡಿನ ಪುಸ್ತಕ ಹಿಡಿದರು. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುತ್ತಾಳೆ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ಹಿಂದಿನ ನವೆಂಬರಿನಲ್ಲಿ ಡಾರ್ಕಸಳ ಮದುವೆಯಾಯಿತು. ಮದುಮಗಳ ಪಕ್ಕದ ಕುರ್ಚಿಯಲ್ಲಿ ಕೂರುವ ಗೆಳತಿ ಸಲೋಮಿಯೇ. ಆ ಕುರ್ಚಿಯವರು ಅಂದು ಕೈಗೆ ನೀರು ಸೋಕಿಸಬೇಕಾಗಿಲ್ಲ, ಉಣ್ಣುವುದು, ಹಾಡುವುದು, ಅಷ್ಟೇ. ಮಧ್ಯಾಹ್ನದ ಹಾಡು ಶುರುವಾದಾಗ ನೋಡಿದರೆ ಕುರ್ಚಿ ಖಾಲಿ. ಬಚ್ಚಲಮನೆಯ ಕಡೆ ಹೋದೆ. ಸಲೋಮಿ ತೋಳಬಟ್ಟೆ ಮೇಲಕ್ಕೆ ಮಡಚಿಕೊಂಡು, ಒಳ್ಳೆಯ ಉಡುಪಿನಲ್ಲೇ, ಆಲೂಗಡ್ಡೆ ಬೇಯಿಸಿದ ಹಂಡೆಗಳನ್ನು ಉಜ್ಜುತ್ತಿದ್ದಳು.

"ಏನೇ, ಮದುಮಗಳ ಗೆಳತಿ ಪಾತ್ರೆ ತಿಕ್ಕೋದಾ? ಹೋಗೇ ಒಳಗೆ."

"ಸುಮ್ನೆ ಅತ್ತೆ. ಕೂತು ಕೂತು ಬೇಜಾರಾಯ್ತು."

ಹಂಡೆ ಆಗಲೇ ಬೆಳ್ಳಗಾಗಿತ್ತು. ಅವಳು ಬಿಡದೆ ಉಜ್ಜುತ್ತಲೇ ಇದ್ದಳು. ಮುಖ ನೋಡಿದೆ, ಹೆಣದ ಮುಂದೆ ಕೂತವರ ಮುಖ. ನನಗೆ ಏನೋ ಅರ್ಥವಾಯಿತು, ಆದರೆ ಅರ್ಥವಾಗುವುದು ನನಗೆ ಬೇಕಿರಲಿಲ್ಲ. ಒಳಗೆ ಹೋಗಿ ಕಡುಬಿಗೆ ಕೆನೆ ಹಾಕುವ ಕೆಲಸ ಹಿಡಿದುಕೊಂಡೆ.

ವಸಂತದಲ್ಲಿ ಬೆನ್ಯುವೆಲ್ ರೀಲ್ ಸಲೋಮಿಯ ಮನೆಗೆ ಬರತೊಡಗಿದ. ಗಾಡಿಚಕ್ರ ಮಾಡುವವನು, ಮಾತು ಕಡಿಮೆ, ಕೆಲಸ ಗಟ್ಟಿ. ಅವನಲ್ಲಿ ಕುಂದು ಹುಡುಕಿದರೂ ಸಿಗುವುದಿಲ್ಲ, ಅದೇ ದೊಡ್ಡ ಕಷ್ಟವಾಯಿತು. ಕೌದಿ ಹೊಲಿಯುವಾಗ ಅವನ ತಾಯಿ ಲವೀನಾಳ ಪಕ್ಕಕ್ಕೆ ಸರಿದು, "ನಮ್ಮ ಹುಡುಗ ಮನೆಗೆ ಹೊಸ ಒಲೆ ನೋಡ್ತಿದಾನೆ" ಎಂದಳು. ಲವೀನಾಗೆ ಅಷ್ಟು ಸಾಕಾಯಿತು. ಮಗಳನ್ನು ಕೇಳುವ ವ್ಯವಧಾನವೂ ಇಲ್ಲದೆ ಸೆಲರಿ ಸಸಿ ಎಬ್ಬಿಸಿದಳು.

ಅದೇ ಬೇಸಿಗೆಯಲ್ಲಿ ಸಲೋಮಿ ದೀಕ್ಷಾಸ್ನಾನದ ಪಾಠಕ್ಕೆ ಸೇರಿದಳು. ಆರಾಧನೆಯ ಮೊದಲ ಹಾಡಿಗೆ ಜನ ಬಾಯಿ ತೆರೆಯುತ್ತಿದ್ದಂತೆ ಪಾಠದವರು ಎದ್ದು ಹಿರಿಯರ ಹಿಂದೆ ಮಹಡಿ ಹತ್ತುತ್ತಾರೆ. ಅವಳೂ ಹತ್ತಿದಳು. ದೀಕ್ಷೆಯಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ, ಹಾಗಾಗಿ ಲವೀನಾಳ ಸಂತೋಷ ಮುಗಿಲು ಮುಟ್ಟಿತು. ನನಗೆ ಮಾತ್ರ ಅದು ಹಿಡಿಸಲಿಲ್ಲ.

ಯಾಕೆಂದು ಹೇಳುತ್ತೇನೆ. ಲವೀನಾಳ ಅಡುಗೆಮನೆ ಬಾಗಿಲ ಹಿಂದೆ ಮಡಚುವ ಚಿಕ್ಕ ಮೇಜೊಂದು ಇತ್ತು. ಅದು ಅವಳ ತಮ್ಮ ಎಮ್ಯಾನುಯೆಲನದು. ಅವನು ದೀಕ್ಷೆಯ ದಿನ ಸಭೆಯ ಮುಂದೆ ಮೊಣಕಾಲೂರಿ ಕೊನೆತನಕ ಸಭೆಯಲ್ಲೇ ಇರುವೆನೆಂದು ಮಾತು ಕೊಟ್ಟು, ಆಮೇಲೆ ಇಂಗ್ಲಿಷರ ಹುಡುಗಿಯನ್ನು ಮದುವೆಯಾಗಿ ಹೊರಟುಹೋದ. ಮಾತು ಕೊಟ್ಟು ಮುರಿದವನನ್ನು ನಾವು ಪಂಕ್ತಿಗೆ ಸೇರಿಸುವುದಿಲ್ಲ. ಅವನು ಬಂದರೆ ಊಟ ಕೊಡುತ್ತೇವೆ, ಬೇರೆ ಮೇಜಿನಲ್ಲಿ. ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅವರ ತಾಯಿಯ ಮಣ್ಣಿನ ದಿನ ಅವನು ರೊಟ್ಟಿಯ ತಟ್ಟೆಯನ್ನು ಲವೀನಾಳತ್ತ ಚಾಚಿದ. ಅವಳು ಕೈ ನೀಡಲಿಲ್ಲ. ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ, ಆಮೇಲೆ ಅವಳು ಎತ್ತಿಕೊಂಡಳು. ನಾನು ಅಲ್ಲೇ ಇದ್ದೆ, ಅಕ್ಕತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾತೇ ಕೊಡದೆ ಹೋದವರ ಕಥೆ ಬೇರೆ. ಅವರಿಗಾಗಿ ಅಳುತ್ತೇವೆ, ಪ್ರಾರ್ಥಿಸುತ್ತೇವೆ, ಬಂದಾಗ ಬೈಯುತ್ತೇವೆ, ಆದರೆ ಒಂದೇ ಬೆಂಚಿನಲ್ಲಿ ಕೂರಿಸಿ ಉಣ್ಣುತ್ತೇವೆ.

ಆಗಸ್ಟಿನಲ್ಲಿ ಸೆಲರಿಗೆ ಮಣ್ಣೇರಿಸಬೇಕು, ಇಲ್ಲದಿದ್ದರೆ ದಂಟು ಬೆಳ್ಳಗಾಗದೆ ಕಹಿಯಾಗುತ್ತದೆ. ನಾನೂ ಗುದ್ದಲಿ ಹಿಡಿದು ಹೋಗಿದ್ದೆ. ಜೋಳದ ಹಿಂದೆ ಗಾಳಿಯಿಲ್ಲ, ಬೆವರು ಸುರಿಯುತ್ತಿತ್ತು. ಲವೀನಾ ಒಬ್ಬಳೇ ಮಾತಾಡುತ್ತಿದ್ದಳು, ಯಾರ ಮನೆಯ ದೊಡ್ಡ ಪಾತ್ರೆ ತರುವುದು, ಕೋಳಿ ಹುರಿಯಲು ಯಾರನ್ನು ಕರೆಯುವುದು.

"ಅಮ್ಮ, ಇದೆಲ್ಲ ಯಾರ ಮದ್ವೆಗೆ?" ಎಂದಳು ಸಲೋಮಿ, ತಲೆ ಎತ್ತದೆ.

"ಯಾರ್ ಮದ್ವೆಗೆ ಅಂತೆ! ನನ್ನ ಮದ್ವೆಗೆ ಕಣೆ, ನಿಮ್ಮಪ್ಪನ್ನ ಇನ್ನೊಂದ್ಸಲ ಕಟ್ಕೊಳ್ತೀನಿ."

ನಾನು ನಕ್ಕೆ. ಸಲೋಮಿ ನಗಲಿಲ್ಲ. "ಬೆನ್ಯುವೆಲ್‌ಗೆ ನಾನೇನೂ ಹೇಳಿಲ್ಲ" ಎಂದಳು.

ಲವೀನಾಳ ಗುದ್ದಲಿ ಒಂದು ಕ್ಷಣ ನಿಂತಿತು. "ಹೇಳ್ತೀಯ ಬಿಡು. ಮಣ್ಣು ಎಳಿ, ಸುಳಿಯೊಳಕ್ಕೆ ಬೀಳ್ಬಾರ್ದು" ಎಂದು ಮತ್ತೆ ಬಗ್ಗಿದಳು.

ಸೆಪ್ಟೆಂಬರಿನಲ್ಲಿ ಲವೀನಾ ಮದುವೆಯ ಬಟ್ಟೆ ಕತ್ತರಿಸಲು ಹೇಳಿಕಳಿಸಿದಳು. ಉಡುಪಿಗೆ ನೀಲಿ, ಮೇಲುಹೊದಿಕೆಗೆ ಬಿಳಿ. ಆ ಬಿಳಿಯದನ್ನು ಹೆಣ್ಣು ಮದುವೆಯ ದಿನ ಉಟ್ಟು ಮಡಿಸಿಟ್ಟರೆ ಮತ್ತೆ ಉಡುವುದು ಶವಪೆಟ್ಟಿಗೆಯಲ್ಲಿ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಸಲೋಮಿ ಬಿಳಿ ಬಟ್ಟೆಯನ್ನು ಹಲಗೆಯ ಮೇಲೆ ಹರಡಿ ಕತ್ತರಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಅತ್ತೆ, ಇದನ್ನ ಕತ್ತರಿಸಿದ್ರೆ ಸಾಯೋ ತನಕ ಇದೇ."

"ಎಲ್ರಿಗೂ ಹಾಗೇನೇ ಕಣೆ. ಬೆನ್ಯುವೆಲ್ ಬೇಡ್ವಾ? ಬೇಡ ಅಂದ್ಬಿಡು. ಇನ್ನೊಬ್ಬ ಬರ್ತಾನೆ."

"ಇನ್ನೊಬ್ಬನೂ ಬೇಡ. ಯಾವ ಗಂಡಸೂ ಬೇಡ." ಕತ್ತರಿಯನ್ನು ಹಲಗೆಯ ಮೇಲಿಟ್ಟಳು. "ಡಾರ್ಕಸ್ ಮದ್ವೆ ದಿನ ನಂಗೆ ಗೊತ್ತಾಯ್ತು. ಅವಳ ಪಕ್ಕ ಆ ಗಂಡು ಕೂತಿದ್ದ ಜಾಗ ನಂದು ಅನ್ನಿಸ್ತು. ಗೆಳತಿ ಜಾಗ ಅಲ್ಲ ಅತ್ತೆ. ಅವನ ಜಾಗ."

ನಾನು ಎದ್ದು ಮೊದಲು ಅಂಗಡಿ ಬಾಗಿಲಿಗೆ ಅಗುಳಿ ಹಾಕಿದೆ. ಸಿಟ್ಟು ಬಂತು, ಇಷ್ಟು ಜನರಿರುವಾಗ ನನ್ನ ಮುಂದೆಯೇ ಯಾಕೆ ಬಾಯಿ ಬಿಟ್ಟಳು ಎಂದು. ನಮ್ಮ ಮನೆಮಾತಿನಲ್ಲಿ ಅವಳು ಹೇಳಿದ್ದಕ್ಕೊಂದು ಹೆಸರಿಲ್ಲ. ಚರ್ಚೂ ಬೋಧನಾಪೀಠವೂ ಇಲ್ಲದ ನಮ್ಮ ಸಭೆಯಲ್ಲಿ, ಕೊಟ್ಟಿಗೆಯಲ್ಲೋ ನಡುಮನೆಯಲ್ಲೋ ನಿಂತು ಹಿರಿಯರು ಮಾಡುವ ಉದ್ದುದ್ದ ಬೋಧನೆಯಲ್ಲೂ ಅದರ ಮಾತು ಬಂದದ್ದು ನನಗೆ ನೆನಪಿಲ್ಲ.

"ಅದೊಂದು ಚಿಕ್ಕಂದಿನ ಹುಚ್ಚು. ಹೋಗತ್ತೆ" ಎಂದೆ.

"ಹೋಗ್ಲಿಲ್ಲ. ಕಾದೆ, ಹೋಗ್ಲಿಲ್ಲ. ಸಂತೆಗೆ ಶುಕ್ರವಾರ ಇಬ್ರು ಹೆಂಗಸ್ರು ಬರ್ತಾರೆ, ತಲೆ ಪೂರ್ತಿ ಬೆಳ್ಳಗಾಗಿದೆ. ಈರುಳ್ಳಿ ಆರಿಸೋವಾಗ ಅಪ್ಪ ಅಮ್ಮ ಥರಾನೇ ಕಿತ್ತಾಡ್ತಾರೆ. ಒಬ್ಳು ಇನ್ನೊಬ್ಳ ಕನ್ನಡಕ ತೆಗ್ದು ತನ್ನ ಅಂಗಿ ತುದೀಲಿ ಒರೆಸಿ ವಾಪಸ್ ಇಡ್ತಾಳೆ. ಅಕ್ಕತಂಗಿ ಅಂದ್ಕೊಂಡಿದ್ದೆ. ಅಲ್ಲ. ಅವರನ್ನ ನೋಡ್ದಾಗ ನಂಗೆ ಹೊಟ್ಟೆಕಿಚ್ಚಾಗತ್ತೆ. ಹಂಗಾದ್ರೆ ನಾನೂ ಅವರ ಥರಾನೇ ಅಲ್ವಾ ಅತ್ತೆ?"

"ಮತ್ತೆ ದೀಕ್ಷೆ ಪಾಠಕ್ಕೆ ಯಾಕೆ ಹೋದೆ?" ಎಂದು ರೇಗಿದೆ.

"ತಲೆ ಮೇಲೆ ಆ ನೀರು ಬಿದ್ರೆ ಎಲ್ಲ ಸರಿಹೋಗ್ಬೋದು ಅಂತ. ನಂಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ. ನಮ್ಮ ಹಾಡು, ನಮ್ಮ ಹೊಲ, ನಿನ್ನ ಬೈಗುಳ, ಇದೆಲ್ಲ ಬಿಟ್ಟು ಎಲ್ಲಿಗೆ ಹೋಗ್ಲಿ?"

"ಹಾಗಾದ್ರೆ ಇರು. ಮದ್ವೆ ಆಗ್ಬೇಡ. ಬಾಯಿ ಮುಚ್ಕೊಂಡು ನನ್ನ ಜೊತೆ ಅಂಗಡೀಲಿ ಇರು. ಒಂಟಿಯಾಗಿರೋರು ಎಷ್ಟು ಜನ ಇಲ್ಲ?"

"ಇರ್ಬೋದು. ಎಷ್ಟು ವರ್ಷ ಇರ್ಬೋದು ಅಂತ ಗೊತ್ತಿಲ್ಲ." ಅವಳು ಬಿಳಿ ಬಟ್ಟೆಯನ್ನು ಮತ್ತೆ ಮಡಿಸಿದಳು. "ಅಮ್ಮಂಗೆ ಹೇಳ್ಬೇಡ ಅತ್ತೆ. ಗೊತ್ತಾದ್ರೆ ಒಡೆದುಹೋಗ್ತಾಳೆ."

ಅಲ್ಲಿಂದ ನನಗೆ ನಿದ್ದೆ ಹತ್ತಲಿಲ್ಲ. ದೀಕ್ಷೆ ಭಾನುವಾರ. ಅದರ ಹಿಂದಿನ ಶನಿವಾರ ಬಿಷಪ್ ಗಿಡಿಯನ್ನರ ಮನೆಯಲ್ಲಿ ಕೊನೆಯ ಪಾಠ. ಆ ದಿನ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ, ಹಿಂದೆ ಸರಿಯುವವರಿದ್ದರೆ ಈಗಲೇ ಸರಿಯಿರಿ, ಮಾತು ಕೊಟ್ಟು ಮುರಿಯುವುದಕ್ಕಿಂತ ಕೊಡದಿರುವುದು ಮೇಲು ಎಂದು. ಪದ್ಧತಿಗೆಂದು ಕೇಳುತ್ತಾರೆ, ಎದ್ದವರನ್ನು ನಾನು ಕಂಡಿಲ್ಲ. ಆ ಪ್ರಶ್ನೆ ದಾಟಿದರೆ ಸಲೋಮಿಗೆ ಹಿಂದಿನ ದಾರಿ ಮುಚ್ಚಿತು. ಇವತ್ತಲ್ಲ ನಾಳೆ ಅವಳು ಹೋಗಿಯೇ ಹೋಗುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಆಗ ಬಾಗಿಲ ಹಿಂದಿನ ಮೇಜು ಅವಳಿಗೇ.

ಅದೇ ವಾರ ಜೋಳದ ಕೊಯ್ಲು ಬಿತ್ತು. ಹಸಿ ಜೋಳ ಕಡಿದು ಮೇವಿನ ಗೋಪುರಕ್ಕೆ ತುಂಬಲು ಸುತ್ತಲಿನ ಗಂಡಸರೆಲ್ಲ ಬಂದರು, ಬೆನ್ಯುವೆಲನೂ ಬಂದ. ಸಾಲು ಸಾಲಾಗಿ ಜೋಳ ನೆಲಕ್ಕೆ ಒರಗಿದಂತೆ ಹಿಂದಿನಿಂದ ಸೆಲರಿ ಕಾಣತೊಡಗಿತು. ಮಧ್ಯಾಹ್ನಕ್ಕೆ ರಸ್ತೆಯಿಂದ ಸೆಲರಿಯವರೆಗೆ ಬಟಾಬಯಲು. ದಾರಿಯಲ್ಲಿ ಹೋಗುವ ಗಾಡಿಗಳು ಅಲ್ಲಿ ಬಂದು ನಿಧಾನವಾದವು. ಒಬ್ಬ ಮುದುಕಿಯಂತೂ ಕುದುರೆ ನಿಲ್ಲಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿಯೇ ಮುಂದೆ ಹೋದಳು.

ಊಟದ ಮೇಜಿನಲ್ಲಿ ಕೇಳಬೇಕೇ.

"ಎನೋಸ್, ನಿಮ್ಮ ಹಸುಗಳು ಈ ವರ್ಷ ಸೆಲರಿ ತಿಂತಾವೇನೋ?"

"ಹಸು ಅಲ್ವೋ, ಚಕ್ರ ಮಾಡೋರು ತಿಂತಾರೆ. ಬೆನ್ಯುವೆಲ್, ಗಡ್ಡ ಬಿಡೋಕೆ ಕೆನ್ನೆ ತಯಾರಾ?"

ನಮ್ಮಲ್ಲಿ ಮದುವೆಯಾದವರೇ ಗಡ್ಡ ಬಿಡುವುದು. ಬೆನ್ಯುವೆಲ್ ತನ್ನ ನುಣ್ಣನೆ ಕೆನ್ನೆಯನ್ನು ತಟ್ಟೆಗೆ ತಾಗುವಷ್ಟು ಬಗ್ಗಿಸಿದ. ಕಿವಿ ಕೆಂಪಾಗಿತ್ತು, ತುಟಿಯಲ್ಲಿ ನಗು ತಡೆಯಲಾರದೆ ನಿಂತಿತ್ತು. ಸಲೋಮಿ ಬಡಿಸುತ್ತಿದ್ದಳು. ಅವಳ ಕೈಯಲ್ಲಿದ್ದ ಸಾರಿನ ಬೋಗುಣಿ ಅಲುಗದಂತೆ ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳ ಗೆಣ್ಣುಗಳೆಲ್ಲ ಬಿಳುಚಿದ್ದವು. ನಾನು ಲವೀನಾಳನ್ನು ನೋಡಿದೆ. ಬೆಳಗಿನಿಂದ ಬಾಯಿ ಮುಚ್ಚದವಳು ಒಲೆಯ ಮುಂದೆ ಸೌಟು ಹಿಡಿದು ಸುಮ್ಮನೆ ನಿಂತಿದ್ದಳು, ಅವಳ ಕಣ್ಣು ಮಗಳ ಕೈಯ ಮೇಲಿತ್ತು.

ಊಟವಾದ ಮೇಲೆ ಸಲೋಮಿ ನೀರಿನ ಪಂಪಿನ ಬಳಿ ಬೆನ್ಯುವೆಲನನ್ನು ನಿಲ್ಲಿಸಿ ಮಾತಾಡಿದಳು. ಆಮೇಲೆ ನನಗೆ ಹೇಳಿದಳು, ಮದುವೆ ಆಗಲ್ಲ ಎಂದಳಂತೆ. ಅವನು, "ಬೇರೆ ಯಾರಾದ್ರೂ ಇದಾನಾ?" ಎಂದನಂತೆ. "ಯಾರೂ ಇಲ್ಲ. ತಪ್ಪು ನಿಂದಲ್ಲ" ಎಂದಳಂತೆ. ಅವನು ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಹೊಲಕ್ಕೆ ಹೋಗಿ ಸಂಜೆಯವರೆಗೆ ಕೆಲಸ ಮಾಡಿದ. ಯಾರಿಗೂ ಒಂದು ಮಾತು ಹೇಳಲಿಲ್ಲ. ಅವನ ಬಗ್ಗೆ ನನಗೆ ಇವತ್ತಿಗೂ ಗೌರವ ಇರುವುದು ಅದಕ್ಕೇ.

"ಒಳ್ಳೇದಾಯ್ತು. ನಾಳಿದ್ದು ಶನಿವಾರ. ಗಿಡಿಯನ್ನರಿಗೂ ಬೇಡ ಅನ್ನು" ಎಂದೆ.

"ಇಲ್ಲ ಅತ್ತೆ. ಮದ್ವೆ ಬೇಡ, ದೀಕ್ಷೆ ತಗೊಳ್ತೀನಿ. ಒಂಟಿಯಾಗಿ ಇರ್ತೀನಿ. ಅಮ್ಮಂಗೆ ಮದ್ವೆನೂ ಇಲ್ಲ, ಮಗಳೂ ಇಲ್ಲ ಅಂತ ಮಾಡೋಕಾಗಲ್ಲ."

"ಮುಂದೆ ಮಾತು ಮುರೀಬೇಕಾಗಿ ಬಂದ್ರೆ?"

"ಬರ್ದೇ ಇರೋ ಹಾಗೆ ನೋಡ್ಕೋತೀನಿ" ಎಂದಳು. ಅವಳ ದನಿಯಲ್ಲಿ ಹುರುಳಿರಲಿಲ್ಲ, ಅದು ಅವಳಿಗೂ ಕೇಳಿಸಿತು.

ಶನಿವಾರ ಬೆಳಿಗ್ಗೆ ಅವಳನ್ನು ಗಿಡಿಯನ್ನರ ಮನೆಗೆ ಕರೆದೊಯ್ಯಲು ನಾನೇ ಗಾಡಿ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಮತ್ತೆ ಹೇಳಿ ನೋಡೋಣ ಎಂದಿತ್ತು. ಎನೋಸನ ಮನೆ ತಿರುವಿಗೆ ಬಂದವಳು ಲಗಾಮು ಜಗ್ಗಿ ನಿಲ್ಲಿಸಿದೆ. ರಸ್ತೆ ಬದಿಯಲ್ಲಿ ಲವೀನಾ ಟೊಮೆಟೊ, ಮೊಟ್ಟೆ ಮಾರಲು ಇಟ್ಟುಕೊಂಡ ತಟ್ಟಿ ಅಂಗಡಿಯಿದೆ. ಅದರ ತುಂಬ ಸೆಲರಿ. ತೊಳೆದು, ಕಟ್ಟು ಕಟ್ಟಿ, ಬೆಳ್ಳನೆ ದಂಟು ರಸ್ತೆಯ ಕಡೆ ಮುಖ ಮಾಡಿ ಮಾಡಿನವರೆಗೆ ಒಟ್ಟಿತ್ತು. ನೆಲದ ಮೇಲೂ ಬುಟ್ಟಿಗಳು. ಹೊಲದಲ್ಲಿ ಅಗೆದ ಸಾಲುಗಳು ಕಪ್ಪಗೆ ಬಾಯಿಬಿಟ್ಟಿದ್ದವು. ಲವೀನಾ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಇನ್ನೊಂದು ಕಟ್ಟು ಬಿಗಿಯುತ್ತಿದ್ದಳು.

ನಮ್ಮಲ್ಲಿ ಮದುವೆಯ ಸೆಲರಿಯನ್ನು ಹಾದಿಬದಿಯಲ್ಲಿ ಮಾರಿದವರಿಲ್ಲ. ಈ ರಸ್ತೆಯಲ್ಲಿ ಹೋಗುವ ಪ್ರತಿಯೊಂದು ಗಾಡಿಗೂ ಅದರ ಅರ್ಥ ಗೊತ್ತು.

"ಏನೇ ಇದು ಲವೀನಾ?"

"ಸೆಲರಿ ಅತ್ತಿಗೆ. ಕಾಣಲ್ವಾ? ಈ ವರ್ಷ ನಮ್ಮನೇಲಿ ಮದ್ವೆ ಇಲ್ಲ."

"ಸಲೋಮಿ ಹೇಳಿದ್ಲಾ?"

"ಅವಳೇನು ಹೇಳ್ತಾಳೆ? ಬಾಯಿಗೆ ಬೀಗ ಹಾಕ್ಕೊಂಡಿದಾಳೆ, ನಿಮ್ಮ ಹಾಗೇ." ಹುರಿಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. "ಡಾರ್ಕಸ್ ಮದ್ವೇಲಿ ಆಲೂಗಡ್ಡೆ ಹಂಡೆ ನನ್ನ ಉಸ್ತುವಾರಿ ಆಗಿತ್ತು. ಅದನ್ನ ಯಾರು ತಿಕ್ಕಿದ್ರು, ಹ್ಯಾಗ್ ತಿಕ್ಕಿದ್ರು ಅಂತ ನಾನೂ ನೋಡ್ದೆ. ನೀವು ಒಳಗೆ ಹೋದ್ಮೇಲೂ ನಾನು ಬಾಗಿಲ ಹಿಂದೇನೇ ಇದ್ದೆ. ನಾನು ಹೆತ್ತೋಳು ಅತ್ತಿಗೆ, ಕುರುಡಿ ಅಲ್ಲ. ಅದು ಕಣ್ಣಿಗೆ ಕಾಣ್ಬಾರ್ದು ಅಂತಾನೇ ಇಷ್ಟು ಸೆಲರಿ ನೆಟ್ಟೆ."

ಅಷ್ಟರಲ್ಲಿ ಸಲೋಮಿ ಪಾಠಕ್ಕೆ ಹೊರಟ ಕಪ್ಪು ಉಡುಪಿನಲ್ಲಿ ಓಣಿಯಿಂದ ಇಳಿದು ಬಂದಳು. ತಟ್ಟಿ ಅಂಗಡಿ ನೋಡಿ ನಿಂತುಬಿಟ್ಟಳು.

"ಅಮ್ಮ."

"ಇವತ್ತು ಗಿಡಿಯನ್ನರು ಕೇಳ್ತಾರಲ್ಲ, ಆಗ ಎದ್ದು ನಿಲ್ಲು."

"ಅಮ್ಮ, ಮದ್ವೆ ಬೇಡ ಅಷ್ಟೇ. ಮಾತು ಕೊಡ್ತೀನಿ. ನಿನ್ನ ಬಿಟ್ಟು ಎಲ್ಲೂ ಹೋಗಲ್ಲ."

"ಮಾತು ಕೊಟ್ರೇನೇ ನನ್ನ ಬಿಟ್ಟು ಹೋಗ್ತೀಯ!" ಲವೀನಾ ಕೂಗಿಯೇಬಿಟ್ಟಳು. ಕುದುರೆ ಬೆದರಿ ಕಿವಿ ನಿಮಿರಿಸಿತು. "ಇವತ್ತು ಕೊಡ್ತೀಯ, ಹತ್ತು ವರ್ಷ ಒಳಗೊಳಗೇ ಸಾಯ್ತೀಯ, ಆಮೇಲೊಂದಿನ ಹೋಗ್ತೀಯ. ಎಮ್ಯಾನುಯೆಲ್ ತಟ್ಟೆ ಚಾಚಿದಾಗ ನಾನು ಕೈ ಹಿಂದಕ್ಕೆ ಎಳ್ಕೊಂಡೆ. ಒಡಹುಟ್ಟಿದೋನು, ನಾನೇ ಎತ್ತಿ ಆಡಿಸ್ದೋನು. ತಮ್ಮಂಗೆ ಹಂಗ್ ಮಾಡಿ ಬದುಕ್ದೆ. ಮಗಳಿಗೆ ಹಂಗ್ ಮಾಡಿ ನಾನು ಬದುಕೋಕಾಗಲ್ಲ."

ಸಲೋಮಿ ಅಳುತ್ತಿದ್ದಳು. ಲವೀನಾ ಅಳಲಿಲ್ಲ. "ನಿನ್ನ ಮನಸ್ಸಲ್ಲಿರೋದು ಸರಿ ಅಂತ ನಾನು ಅನ್ನಲ್ಲ. ನಂಗೆ ಅದು ಅರ್ಥ ಆಗಲ್ಲ, ನೀನು ಬದಲಾಗ್ಲಿ ಅಂತ ಸಾಯೋ ತನಕ ಬೇಡ್ಕೋತೀನಿ. ನಿಂಗೆ ಬೇಜಾರಾದ್ರೂ ಆಗ್ಲಿ. ಆದ್ರೆ ನನ್ನ ಮೇಜಲ್ಲಿ ಕೂತು ಉಣ್ಬೇಕು ನೀನು. ಗಾಡಿ ಹತ್ತು."

ಗಿಡಿಯನ್ನರ ಮನೆಯಲ್ಲಿ ಪಾಠದವರು ನಡುಮನೆಯಲ್ಲಿ ಕೂತರು. ನಾನು ಅಡುಗೆಮನೆಯಲ್ಲಿ ಬಿಷಪ್ಪರ ಹೆಂಡತಿಯ ಜೊತೆ ಮರುದಿನದ ಸಭೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮರುದಿನ ಸಲೋಮಿಯ ತಲೆಯ ಬಿಳಿ ಟೊಪ್ಪಿಗೆ ತೆಗೆದು, ನೀರು ಹಾಕಿದ ಮೇಲೆ ಅವಳಿಗೆ ಮುತ್ತಿಡಬೇಕಾದವಳು ಇವಳೇ. ಮಾಮೂಲಿನಂತೆ ಹವಾಮಾನ ಮಾತಾಡುತ್ತಿದ್ದಳು. ನಾನು ಹೂಂಗುಡುತ್ತಿದ್ದೆ, ನನ್ನ ಕಿವಿಯೆಲ್ಲ ಗೋಡೆಯಾಚೆ. ಗಿಡಿಯನ್ನರ ನಿಧಾನದ ದನಿ ಕೊನೆಗೂ ಆ ಪ್ರಶ್ನೆಗೆ ಬಂತು. ಆಮೇಲೆ ಸದ್ದಿಲ್ಲ. ಅವಳು ಏಳುವುದಿಲ್ಲ, ಹೆದರಿದಳು ಎಂದುಕೊಂಡೆ. ಹಿಟ್ಟನ್ನು ಜೋರಾಗಿ ಬಡಿದೆ.

ಕುರ್ಚಿಯೊಂದು ನೆಲಕ್ಕೆ ಕೆರೆದ ಸದ್ದಾಯಿತು.

"ಕಾರಣ ಹೇಳ್ತೀಯಾ ಮಗು?" ಗಿಡಿಯನ್ನರು ಕೇಳಿದರು.

"ನಾಳೆ ಮೊಣಕಾಲ ಮೇಲೆ ನಿಂತು ನಾನು ಹೇಳೋದು ನಿಜ ಆಗಿರಲ್ಲ. ಅದಕ್ಕೆ."

"ಬಾಗಿಲು ತೆರೆದಿರತ್ತೆ" ಎಂದರು ಗಿಡಿಯನ್ನರು. ಹೊರಗೆ ಹೋಗುವ ಬಾಗಿಲೋ ಒಳಗೆ ಬರುವ ಬಾಗಿಲೋ ನನಗೆ ತಿಳಿಯಲಿಲ್ಲ. ಪಕ್ಕದವಳ ಕೈ ಹಿಟ್ಟಿನಲ್ಲೇ ನಿಂತುಹೋಗಿತ್ತು.

ಜನ ಆಡಿಕೊಂಡರು. ಬೆನ್ಯುವೆಲ್ ಕೈಕೊಟ್ಟ ಎಂದು ಕೆಲವರು, ಹುಡುಗಿ ಸಂತೆಯಲ್ಲಿ ಯಾವನೋ ಇಂಗ್ಲಿಷನಿಗೆ ಮರುಳಾದಳು ಎಂದು ಉಳಿದವರು. ನಿಜ ಯಾರ ಊಹೆಗೂ ಬರಲಿಲ್ಲ. ಸಲೋಮಿ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ, ಬ್ರೆಡ್ ಬೇಯಿಸುವ ಅಂಗಡಿಯೊಂದರಲ್ಲಿ ಕೆಲಸ ಹಿಡಿದು, ಮೇಲಿನ ಕೋಣೆಯಲ್ಲಿ ಇದ್ದಳು. ಎನೋಸನಿಗೆ ಲವೀನಾ ಎಲ್ಲ ಹೇಳಿದಳು. ಕೇಳಿದವನು ಎದ್ದು ಹೋಗಿ ಹೇಸರಗತ್ತೆಗಳಿಗೆ ಮೇವು ಹಾಕಿದ. ಮಗಳು ಹೊರಡುವ ದಿನ ಅವನು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಅವಳ ಹೆಸರನ್ನು ಎತ್ತಲೂ ಇಲ್ಲ, ಬೇರೆಯವರು ಎತ್ತಿದರೆ ತಡೆಯಲೂ ಇಲ್ಲ.

ಕ್ರಿಸ್‌ಮಸ್ಸಿನ ಮರುದಿನ ಅವಳು ಬಂದಳು. ಉಡುಪು ಸಾದಾ, ತಲೆಯ ಮೇಲೆ ಟೊಪ್ಪಿಗೆಯಿಲ್ಲ. ಅಡುಗೆಮನೆಗೆ ಕಾಲಿಟ್ಟವಳ ಕಣ್ಣು ಮೊದಲು ಹೋದದ್ದು ಬಾಗಿಲ ಹಿಂದೆ. ಮಡಚಿದ ಮೇಜು ಅಲ್ಲೇ ಗೋಡೆಗೊರಗಿತ್ತು. ಹುಡುಗಿ ನಿಂತಲ್ಲೇ ನಿಂತಳು. ತಮ್ಮಂದಿರು, ತಂಗಿಯರು ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು, ಎಲ್ಲರಿಗೂ ಅಪ್ಪನದೇ ಭಯ. ಲವೀನಾ ಸೌಟಿನಿಂದ ಬೆಂಚಿನ ತುದಿ ತೋರಿಸಿದಳು. ಅದು ಸಲೋಮಿಯ ಹಳೆಯ ಜಾಗ, ಅಪ್ಪನ ಎಡಗೈ ಪಕ್ಕದ ಮೂಲೆ.

ಎನೋಸ್ ಬಂದು ಕೂತ. ಮಗಳ ಕಡೆ ನೋಡಲಿಲ್ಲ. ತಲೆ ಬಗ್ಗಿಸಿ ಮೌನ ಪ್ರಾರ್ಥನೆ ಮಾಡಿದೆವು, ಅಂದು ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

ಲವೀನಾ ಒಲೆಯಿಂದ ದೊಡ್ಡ ಬೋಗುಣಿ ತಂದಳು. ಕೆನೆ ಹಾಕಿ ಬೇಯಿಸಿದ ಸೆಲರಿ. ಎಲ್ಲ ಮಾರಿದಳೆಂದು ನಾನು ಅಂದುಕೊಂಡಿದ್ದೆ. ಒಂದು ಸಾಲನ್ನು ಕಿತ್ತು ನೆಲಮಾಳಿಗೆಯಲ್ಲಿ ಮಣ್ಣು ಮುಚ್ಚಿ ಇಟ್ಟಿದ್ದಳು. ಬೋಗುಣಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಬೆಂಚಿನುದ್ದಕ್ಕೂ ಬಂತು. ಸಲೋಮಿ ಒಂದು ಚಮಚ ಹಾಕಿಕೊಂಡಳು. ಅವಳಾದ ಮೇಲೆ ಎನೋಸ್. ಅವಳು ಅಪ್ಪನನ್ನು ನೋಡಿದಳು, ಬೋಗುಣಿ ನೋಡಿದಳು. ಅಪ್ಪನಿಗೆ ಕಷ್ಟವಾಗಬಾರದೆಂದು ಅದನ್ನು ಅವನ ತಟ್ಟೆಯ ಪಕ್ಕ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು, ಅವಳ ಸೋದರಮಾವ ಎಮ್ಯಾನುಯೆಲ್ ಮಾಡುತ್ತಿದ್ದ ಹಾಗೆಯೇ.

ಎನೋಸ್ ಬೋಗುಣಿಯನ್ನು ಮುಟ್ಟಲಿಲ್ಲ. ಲವೀನಾ ಸೌಟು ಹಿಡಿದು ನಿಂತಲ್ಲೇ ಕಲ್ಲಾದಳು.

"ಮೇಜಿನ ಮೇಲೆ ಯಾಕಿಟ್ಟೆ?" ಎಂದ ಎನೋಸ್. ದನಿ ಒರಟಾಗಿತ್ತು. ಎಡಗೈ ಚಾಚಿ ಹಾಗೇ ಹಿಡಿದುಕೊಂಡ. "ಕೈಗೆ ಕೊಡು."